ಹಳ್ಳಿಯ ರಗ್ಬಿ ಕ್ಲಬ್ಬಿನ ಚರಿತ್ರೆಯನ್ನು ಉಳಿಸಿಕೊಳ್ಳೋಣ: ವೇಲ್ಸ್‌ನಲ್ಲಿ ನೆಲೆಸಿರುವ ಕನ್ನಡಿಗರಿಗೆ ಒಂದು ಬಹಿರಂಗ ಪತ್ರ

ಆತ್ಮೀಯ ಕನ್ನಡ ಬಂಧುಗಳೇ,

ದಕ್ಷಿಣ ವೇಲ್ಸ್‌ನಲ್ಲಿ, ಅದರಲ್ಲೂ ಲನೆಲ್ಲಿ, ಕಾರ್ಮಾರ್ಥನ್, ಸ್ವಾನ್ಸಿ ಪಟ್ಟಣಗಳ ಸುತ್ತಮುತ್ತ ಮನೆ ಮಾಡಿಕೊಂಡು ಆಸ್ಪತ್ರೆಗಳಲ್ಲಿ, ಶಾಲೆಗಳಲ್ಲಿ, ಕಚೇರಿಗಳಲ್ಲಿ ದುಡಿಯುತ್ತಿರುವ ನಿಮಗೆ ಈ ಪತ್ರವನ್ನು ಬರೆಯುತ್ತಿದ್ದೇನೆ. ನಾವು ಬದುಕು ಕಟ್ಟಿಕೊಂಡಿರುವ ಈ ಹಳ್ಳಿಗಳ ರಗ್ಬಿ ಕ್ಲಬ್ಬುಗಳಿಗೆ ದೊಡ್ಡ ಚರಿತ್ರೆಯಿದೆ. ಅದರ ಬಹುಪಾಲು ಇನ್ನೂ ಕಾಗದಕ್ಕೆ ಇಳಿದಿಲ್ಲ. ಎಂಬತ್ತು ದಾಟಿದ ಕೆಲವರ ನೆನಪಿನಲ್ಲಿ, ತೇವ ಹಿಡಿದ ಕೆಲವು ಪೆಟ್ಟಿಗೆಗಳಲ್ಲಿ ಉಳಿದುಕೊಂಡಿದೆ. ಆ ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಆ ಚರಿತ್ರೆಯನ್ನು ಉಳಿಸುವುದರಲ್ಲಿಯೂ ಆ ಕ್ಲಬ್ಬುಗಳನ್ನು ನಡೆಸುವುದರಲ್ಲಿಯೂ ನಾವು ಪಾಲು ತೆಗೆದುಕೊಳ್ಳಬೇಕೆಂಬುದು ನನ್ನ ವಿನಂತಿ. ಇದು ಅವರ ಆಟ, ಅವರ ಊರು, ನಮಗೇಕೆ ಎಂದು ಕೇಳುವವರಿಗಾಗಿಯೇ ಒಂದು ಹಳ್ಳಿಯ ಕಥೆಯನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ಹಳ್ಳಿಯ ಹೆಸರು ಕೆವ್ನೈತಿನ್. ಎ48 ಹೆದ್ದಾರಿಯಲ್ಲಿ ಸ್ವಾನ್ಸಿ ಕಡೆಯಿಂದ ಕಾರ್ಮಾರ್ಥನ್ನಿಗೆ ಹೋಗುವವರು ಕ್ರಾಸ್ ಹ್ಯಾಂಡ್ಸ್‌ನ ವೃತ್ತವನ್ನು ದಾಟಿದೊಡನೆ ಅದರ ಪಕ್ಕದಲ್ಲೇ ಹಾದುಹೋಗುತ್ತಾರೆ. ನಮ್ಮಲ್ಲಿ ಎಷ್ಟೋ ಜನ ಕ್ರಾಸ್ ಹ್ಯಾಂಡ್ಸ್‌ನ ಅಂಗಡಿಗಳಿಗೆ ದಿನಸಿ ತರಲು ಹೋಗಿಯೂ ಆ ಊರಿನ ಹೆಸರು ಕೇಳಿರಲಿಕ್ಕಿಲ್ಲ. ಒಂದು ಮುಖ್ಯ ಬೀದಿ, ಅದಕ್ಕೆ ಅಂಟಿಕೊಂಡ ಮನೆಗಳ ಸಾಲುಗಳು, ಪ್ರಾರ್ಥನಾ ಮಂದಿರ, ಶಾಲೆ ಮತ್ತು ರಗ್ಬಿ ಮೈದಾನ. 1971ರಲ್ಲಿ ಬ್ರಿಟನ್ ಮತ್ತು ಐರ್ಲೆಂಡ್‌ಗಳ ಸಂಯುಕ್ತ ತಂಡವಾದ ಲಯನ್ಸ್ ನ್ಯೂಜಿಲೆಂಡ್‌ಗೆ ಹೋಗಿ ಅಲ್ಲಿ ಟೆಸ್ಟ್ ಸರಣಿಯನ್ನು ಗೆದ್ದುಬಂದಿತು. ಅದಕ್ಕೆ ಮೊದಲೂ ಅದರ ನಂತರ ಇಂದಿನವರೆಗೂ ಯಾವ ಲಯನ್ಸ್ ತಂಡಕ್ಕೂ ಆ ನೆಲದಲ್ಲಿ ಸರಣಿ ಗೆಲ್ಲಲು ಸಾಧ್ಯವಾಗಿಲ್ಲ. ಆ ತಂಡದ ತರಬೇತುದಾರ ಕಾರ್ವಿನ್ ಜೇಮ್ಸ್ ಮತ್ತು ಆ ಸರಣಿಯ ಗತಿಯನ್ನೇ ನಿರ್ಧರಿಸಿದ ಆಟಗಾರ ಬ್ಯಾರಿ ಜಾನ್ ಇಬ್ಬರೂ ಈ ಒಂದೇ ಹಳ್ಳಿಯವರು.

ಇದು ಹೇಗೆ ಸಾಧ್ಯವಾಯಿತು ಎಂಬ ಪ್ರಶ್ನೆಗೆ ಉತ್ತರ ನೆಲದಡಿಯಿಂದ ಆರಂಭವಾಗುತ್ತದೆ. ಈ ಹಳ್ಳಿಯಿರುವ ಗ್ವೆಂಡ್ರೈತ್ ಕಣಿವೆಯ ಕಲ್ಲಿದ್ದಲು ಆಂಥ್ರಸೈಟ್ ಎಂಬ ಗಟ್ಟಿ ಜಾತಿಯದು. ಹೊಗೆ ಕಡಿಮೆ, ಶಾಖ ಹೆಚ್ಚು. ಪೂರ್ವದ ರೋಂಡ ಕಣಿವೆಯಲ್ಲಿ ಹಡಗುಗಳಿಗೆ ಬೇಕಾದ ಕಲ್ಲಿದ್ದಲಿಗಾಗಿ ಗಣಿಗಳು ರಭಸದಿಂದ ಬೆಳೆದಾಗ ಇಂಗ್ಲೆಂಡಿನಿಂದಲೂ ಐರ್ಲೆಂಡಿನಿಂದಲೂ ಜನ ಸಾವಿರಗಟ್ಟಲೆ ಬಂದು ತುಂಬಿಕೊಂಡರು. ಪಶ್ಚಿಮದ ಈ ಭಾಗದಲ್ಲಿ ಬೆಳವಣಿಗೆ ನಿಧಾನವಾಗಿತ್ತು, ಗಣಿಗಳು ಚಿಕ್ಕವಾಗಿದ್ದವು, ಕೆಲಸಕ್ಕೆ ಬಂದವರಲ್ಲಿ ಹೆಚ್ಚಿನವರು ಸುತ್ತಲಿನ ಕೃಷಿ ಪ್ರದೇಶಗಳ ವೆಲ್ಶ್ ಭಾಷಿಕರಾಗಿದ್ದರು. ಕಾರ್ವಿನ್ ಅವರ ತಂದೆಯೂ ಹಾಗೆ ಉತ್ತರದ ಕಾರ್ಡಿಗನ್‌ಶೈರ್‌ನ ರಿಡ್‌ಲೂಯಿಸ್ ಎಂಬ ಹಳ್ಳಿಯಿಂದ ಗಣಿ ಕೆಲಸ ಹುಡುಕಿಕೊಂಡು ಇಳಿದು ಬಂದವರು. ಹೀಗಾಗಿ ಗಣಿಯ ಒಳಗೂ, ಚರ್ಚಿನ ಹಾಡಿನಲ್ಲೂ, ರಗ್ಬಿ ಮೈದಾನದ ಕೂಗಿನಲ್ಲೂ ಒಂದೇ ಭಾಷೆ ನಡೆಯುತ್ತಿತ್ತು. ಇಂಗ್ಲೆಂಡಿನ ಸಿರಿವಂತ ಖಾಸಗಿ ಶಾಲೆಗಳಿಂದ ಹೊರಟ ಒಂದು ಆಟ, ಇಲ್ಲಿ ಗಣಿ ಕಾರ್ಮಿಕರ ಆಟವಾಗಿ, ಅವರದೇ ನುಡಿಯಲ್ಲಿ ಬೇರೂರಿತು. ಕನ್ನಡವನ್ನು ಮನೆಯಲ್ಲಿ ಉಳಿಸಿಕೊಳ್ಳಲು ಹೆಣಗುತ್ತಿರುವ ನಮಗೆ ಈ ಸಂಗತಿಯ ಬೆಲೆ ಏನೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ವೆಲ್ಶ್ ರಗ್ಬಿ ಯೂನಿಯನ್ ಹುಟ್ಟಿದ್ದು 1881ರ ಮಾರ್ಚ್‌ನಲ್ಲಿ, ನೀತ್ ಪಟ್ಟಣದ ಕ್ಯಾಸಲ್ ಹೋಟೆಲಿನಲ್ಲಿ ಕೆಲವೇ ಕ್ಲಬ್ಬುಗಳ ಪ್ರತಿನಿಧಿಗಳು ಸೇರಿದ ಸಭೆಯಲ್ಲಿ. ಆ ಕ್ಲಬ್ಬುಗಳೆಲ್ಲ ಬಹುಮಟ್ಟಿಗೆ ಪಟ್ಟಣಗಳವು. ಹಳ್ಳಿಗಳಿಗೆ ಆಟ ಹಬ್ಬಿದ್ದು ಮುಂದಿನ ಎರಡು ಮೂರು ದಶಕಗಳಲ್ಲಿ. ಗಣಿ ತೆರೆದಲ್ಲೆಲ್ಲ ಮೊದಲು ಪ್ರಾರ್ಥನಾ ಮಂದಿರ, ಆಮೇಲೆ ಗಾಯನ ತಂಡ, ಅದರ ಬೆನ್ನಿಗೇ ರಗ್ಬಿ ತಂಡ. ಆರಂಭದ ದಿನಗಳಲ್ಲಿ ಪಾದ್ರಿಗಳಿಗೂ ರಗ್ಬಿಗೂ ಅಷ್ಟಾಗಿ ಆಗಿಬರುತ್ತಿರಲಿಲ್ಲ. ಕುಡಿತ ಮತ್ತು ಜೂಜಿಗೆ ದಾರಿ ಎಂಬ ಆಕ್ಷೇಪ ಬಲವಾಗಿತ್ತು. ಕ್ರಮೇಣ ಈ ಪಶ್ಚಿಮದ ಹಳ್ಳಿಗಳಲ್ಲಿ ಎರಡೂ ಒಂದೇ ಜನರ ವಾರಾಂತ್ಯವನ್ನು ಹಂಚಿಕೊಂಡವು. ಕಾರ್ವಿನ್ ಜೇಮ್ಸ್ ಸ್ವತಃ ಕೆವ್ನೈತಿನ್‌ನ ತಬರ್ನಾಕಲ್ ಪ್ರಾರ್ಥನಾ ಮಂದಿರದಲ್ಲಿ ಡೀಕನ್, ಅಂದರೆ ಸಭೆಯ ಆಡಳಿತ ನೋಡುವ ಹಿರಿಯರಲ್ಲಿ ಒಬ್ಬರು, ಆಗಿದ್ದವರು.

ಮೈದಾನಗಳು ಎಲ್ಲಿಂದ ಬಂದವು ಎಂಬುದನ್ನೂ ತಿಳಿಯಬೇಕು. 1920ರ ಗಣಿ ಉದ್ಯಮ ಕಾಯ್ದೆಯ ಪ್ರಕಾರ, ನೆಲದಿಂದ ಎತ್ತಿದ ಪ್ರತಿ ಟನ್ ಕಲ್ಲಿದ್ದಲಿಗೆ ಗಣಿ ಮಾಲೀಕರು ಒಂದು ಪೆನ್ನಿಯನ್ನು ಕಾರ್ಮಿಕರ ಕ್ಷೇಮನಿಧಿಗೆ ಕೊಡಬೇಕಾಗಿತ್ತು. ಆ ಪೆನ್ನಿಗಳಿಂದ ವಾಚನಾಲಯಗಳು, ಸಭಾಭವನಗಳು, ಸ್ನಾನಗೃಹಗಳು, ಆಟದ ಬಯಲುಗಳು ಎದ್ದವು. ದಕ್ಷಿಣ ವೇಲ್ಸ್‌ನಲ್ಲಿ ಇಂದಿಗೂ ಎಷ್ಟೋ ಮೈದಾನಗಳ ಹೆಸರಿನಲ್ಲಿ ‘ವೆಲ್‌ಫೇರ್’ ಎಂಬ ಪದ ಸೇರಿಕೊಂಡಿದೆ. ಅಂಥ ಮೈದಾನದ ಮೇಲೆ ನಡೆಯುವಾಗ ನಾವು ಕಾರ್ಮಿಕರ ಬೆವರಿನಿಂದ ಬಂದ ಹಣದಲ್ಲಿ ಸಮಮಾಡಿದ ನೆಲದ ಮೇಲೆ ನಡೆಯುತ್ತಿದ್ದೇವೆ ಎಂಬ ಅರಿವು ನಮಗಿರಬೇಕು. ಅದು ಸರ್ಕಾರ ಕೊಟ್ಟ ದಾನವಾಗಿರಲಿಲ್ಲ.

ಈ ಕಣಿವೆಯ ಒಂದು ಹಳ್ಳಿಯ ಕ್ಲಬ್ಬಿನಲ್ಲಿ ನಾನು ನೋಡಿದ ಒಂದು ಹಳೆಯ ನಡವಳಿ ಪುಸ್ತಕದ ವಿಷಯವನ್ನು ಇಲ್ಲಿ ಹೇಳಬೇಕು. ಊರನ್ನು ಹೆಸರಿಸುವುದಿಲ್ಲ, ಏಕೆಂದರೆ ಇಂಥ ಪುಸ್ತಕ ಪ್ರತಿ ಊರಿನಲ್ಲೂ ಇರಬಹುದು. ಬಾರ್ ಕೌಂಟರಿನ ಹಿಂದಿನ ಉಗ್ರಾಣದಲ್ಲಿ, ಗಾಳಿ ಹೋದ ಚೆಂಡುಗಳೂ ಮುರಿದ ಮೂಲೆಬಾವುಟದ ಕೋಲುಗಳೂ ಇದ್ದ ಪೆಟ್ಟಿಗೆಯ ತಳದಲ್ಲಿ ಅದು ಬಿದ್ದಿತ್ತು. ಬಟ್ಟೆಯ ರಟ್ಟು, ಒಂದು ಅಂಚಿನಲ್ಲಿ ನೀರು ಹೀರಿ ಉಬ್ಬಿದ ಹಾಳೆಗಳು, ನೀಲಿ ಶಾಯಿಯ ಓರೆ ಅಕ್ಷರ. ಅದರಲ್ಲಿ ಗೆಲುವಿನ ವರ್ಣನೆ ಇಲ್ಲವೆನ್ನುವಷ್ಟು ಕಡಿಮೆ. ಗೆರೆ ಹಾಕಲು ಸುಣ್ಣವನ್ನು ಯಾರು ತರಬೇಕು, ಬಸ್ಸಿನ ಬಾಡಿಗೆಗೆ ಎಷ್ಟು ಕಡಿಮೆ ಬಿದ್ದಿದೆ, ರಾತ್ರಿ ಪಾಳಿ ಮುಗಿಸಿ ಬರುವ ಇಬ್ಬರಿಗಾಗಿ ಪಂದ್ಯವನ್ನು ಅರ್ಧ ಗಂಟೆ ತಡಮಾಡಲು ಎದುರು ತಂಡವನ್ನು ಕೇಳಿಕೊಳ್ಳಬೇಕೇ, ಕಾಲು ಮುರಿದ ಆಟಗಾರನ ಮನೆಗೆ ಚೀಟಿ ಎತ್ತಿ ಎಷ್ಟು ಕೊಡಬೇಕು ಎಂಬಂಥ ತೀರ್ಮಾನಗಳೇ ಪುಟಗಟ್ಟಲೆ. ನನ್ನ ಪಾಲಿಗೆ ಒಂದು ಹಳ್ಳಿಯ ಕ್ಲಬ್ಬಿನ ಚರಿತ್ರೆ ಎಂದರೆ ಮೊಟ್ಟಮೊದಲು ಇದು. ಕಪ್ಪುಗಳನ್ನು ಯಾವುದಾದರೂ ಗಾಜಿನ ಕಪಾಟಿನಲ್ಲಿ ಇಟ್ಟುಕೊಂಡಾರು. ಕಾಲು ಮುರಿದವನ ಮನೆಗೆ ದುಡ್ಡು ಸೇರಿಸಿದ ಸಂಜೆಯ ದಾಖಲೆಗೆ ಬೇರೆ ಪ್ರತಿ ಎಲ್ಲಿಯೂ ಇಲ್ಲ.

ಅಂಥ ಪುಸ್ತಕಗಳಲ್ಲಿ ಕಾಣದಿರುವ ಹೆಸರುಗಳೂ ಇವೆ. ಕೆಸರು ಮೆತ್ತಿದ ಹದಿನೈದು ಜೆರ್ಸಿಗಳನ್ನು ವಾರವಾರವೂ ತೊಳೆದು ಒಣಗಿಸಿದವರು, ಎರಡೂ ತಂಡಗಳಿಗೆ ಊಟ ಚಹಾ ಮಾಡಿ ಬಡಿಸಿದವರು, ಲಾಟರಿ ಚೀಟಿ ಮಾರಿ ಕ್ಲಬ್ಬಿನ ಚಾವಣಿಗೆ ಹಣ ಹೊಂದಿಸಿದವರು ಹೆಂಗಸರು. ನಡವಳಿಯ ಕೊನೆಯಲ್ಲಿ ‘ಮಹಿಳೆಯರಿಗೆ ವಂದನೆಗಳು’ ಎಂಬ ಒಂದು ಸಾಲಿನಲ್ಲಿ ಅವರನ್ನು ಮುಗಿಸಿಬಿಡುತ್ತಿದ್ದರು. ವೇಲ್ಸ್‌ನ ಮಹಿಳಾ ತಂಡ ತನ್ನ ಮೊದಲ ಅಂತರರಾಷ್ಟ್ರೀಯ ಪಂದ್ಯವನ್ನು ಇಂಗ್ಲೆಂಡಿನ ವಿರುದ್ಧ ಪಾಂಟಿಪೂಲ್‌ನಲ್ಲಿ ಆಡಿದ್ದು 1987ರಲ್ಲಿ. ಪುರುಷರ ತಂಡ ಆಡಲು ಆರಂಭಿಸಿ ಆಗಲೇ ನೂರಕ್ಕೂ ಹೆಚ್ಚು ವರ್ಷ ಕಳೆದಿತ್ತು. ನಾಳೆ ನೀವು ಯಾರ ನೆನಪುಗಳನ್ನಾದರೂ ದಾಖಲಿಸಲು ಹೊರಟರೆ ಮೊದಲು ಈ ಅಜ್ಜಿಯರ ಬಳಿಗೆ ಹೋಗಿ ಎಂದು ಬೇಡಿಕೊಳ್ಳುತ್ತೇನೆ.

ಈಗ ಕಾರ್ವಿನ್ ಜೇಮ್ಸ್ ಅವರ ವಿಷಯ. 1929ರಲ್ಲಿ ಹುಟ್ಟಿದ ಅವರು ಬೆಳೆದ ಮನೆ ಊರಿನ ಆಟದ ಬಯಲಿಗೆ ಎದುರಾಗಿತ್ತು. ಪಕ್ಕದ ಡ್ರೆವಾಕ್‌ನಲ್ಲಿದ್ದ ಗ್ವೆಂಡ್ರೈತ್ ಗ್ರಾಮರ್ ಶಾಲೆಯಲ್ಲಿ ಓದಿ, ಅಬೆರಿಸ್ಟ್‌ವಿತ್ ವಿಶ್ವವಿದ್ಯಾಲಯದಲ್ಲಿ ವೆಲ್ಶ್ ಸಾಹಿತ್ಯವನ್ನು ಅಭ್ಯಾಸ ಮಾಡಿ, ನೌಕಾಪಡೆಯಲ್ಲಿದ್ದಾಗ ರಷ್ಯನ್ ಭಾಷೆ ಕಲಿತು, ಮುಂದೆ ಲನ್‌ಡವರಿ ಕಾಲೇಜಿನಲ್ಲೂ ಕಾರ್ಮಾರ್ಥನ್‌ನ ಟ್ರಿನಿಟಿ ಕಾಲೇಜಿನಲ್ಲೂ ವೆಲ್ಶ್ ಕಲಿಸಿದರು. ಆಟಗಾರನಾಗಿ ವೇಲ್ಸ್ ಪರ ಅವರು ಆಡಿದ್ದು 1958ರ ಎರಡೇ ಪಂದ್ಯ. ಅವರ ನಿಜವಾದ ಪ್ರತಿಭೆ ಕಾಣಿಸಿಕೊಂಡಿದ್ದು ಆಟವನ್ನು ಓದುವುದರಲ್ಲಿ ಮತ್ತು ಆಟಗಾರರ ಮನಸ್ಸನ್ನು ಅರಿಯುವುದರಲ್ಲಿ. ಊರಿನ ಗಣಿ ಕಾರ್ಮಿಕನ ಜೊತೆಗೂ ವಿಶ್ವವಿದ್ಯಾಲಯದ ಪ್ರಾಧ್ಯಾಪಕನ ಜೊತೆಗೂ ಸಮಾನವಾಗಿ ಮಾತನಾಡಬಲ್ಲ ಮನುಷ್ಯ ಆಟಗಾರರಿಗೆ ಆಜ್ಞೆ ಮಾಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿದ್ದರು. ಈ ಗುಣ ಅವರಿಗೆ ಬಂದದ್ದು, ಹದಿನೈದು ಜನರ ಹಳ್ಳಿ ತಂಡದಲ್ಲಿ ಶಿಕ್ಷಕ, ಗಣಿಗ, ಅಂಗಡಿಯವ ಎಲ್ಲರೂ ಒಂದೇ ಸ್ಕ್ರಮ್ಮಿನಲ್ಲಿ, ಅಂದರೆ ಎರಡು ತಂಡಗಳ ಎಂಟೆಂಟು ಜನ ಬೆಸೆದುಕೊಂಡು ಚೆಂಡಿಗಾಗಿ ತಳ್ಳಾಡುವ ಗುಂಪಿನಲ್ಲಿ, ತಲೆ ಕೊಡುವುದನ್ನು ಬಾಲ್ಯದಿಂದ ನೋಡಿದ್ದರಿಂದಲೇ ಎಂದು ನಾನು ನಂಬುತ್ತೇನೆ.

ಅವರ ಬದುಕಿನ ಒಂದು ದಿನವನ್ನು ವಿಶೇಷವಾಗಿ ನೆನೆಯಬೇಕು. 1970ರ ಜನವರಿಯಲ್ಲಿ ವರ್ಣಭೇದ ನೀತಿಯ ದಕ್ಷಿಣ ಆಫ್ರಿಕಾದ ತಂಡ ಲನೆಲ್ಲಿಯ ಸ್ಟ್ರೇಡಿ ಪಾರ್ಕಿನಲ್ಲಿ ಆಡಲು ಬಂದಿತು. ಕಾರ್ವಿನ್ ಲನೆಲ್ಲಿ ತಂಡದ ತರಬೇತುದಾರರು. ತಮ್ಮ ಆಟಗಾರರನ್ನು ಪಂದ್ಯಕ್ಕೆ ಸಿದ್ಧಗೊಳಿಸಿ, ಅವರೊಡನೆ ಮಾತನಾಡಿ, ಅವರು ಮೈದಾನಕ್ಕೆ ಹೊರಟ ಮೇಲೆ ತಾವು ಹೊರಗೆ ಬಾರದೆ ಉಡುಪಿನ ಕೋಣೆಯಲ್ಲೇ ಉಳಿದರು. ಆಟಗಾರರ ಮೇಲೆ ತಮ್ಮ ನಿಲುವನ್ನು ಹೇರದೆ, ತಮ್ಮ ಆತ್ಮಸಾಕ್ಷಿಯನ್ನೂ ಬಿಟ್ಟುಕೊಡದೆ ಪ್ರತಿಭಟಿಸಿದ ಆ ರೀತಿ ಅಂದು ಎಲ್ಲರಿಗೂ ಹಿಡಿಸಿರಲಾರದು. ಅದೇ ವರ್ಷ ಅವರು ವೇಲ್ಸ್‌ನ ಸ್ವಾಯತ್ತತೆಗಾಗಿ ದುಡಿಯುವ ಪ್ಲೈಡ್ ಕಮ್ರಿ ಪಕ್ಷದ ಅಭ್ಯರ್ಥಿಯಾಗಿ ಲನೆಲ್ಲಿಯಿಂದ ಸಂಸತ್ತಿಗೆ ಸ್ಪರ್ಧಿಸಿ ಸೋತರು. ಇಂಥ ಮನುಷ್ಯನನ್ನು ಲಯನ್ಸ್ ತಂಡದ ತರಬೇತುದಾರನನ್ನಾಗಿ ಆರಿಸಿದ್ದು ಆ ಕಾಲದ ಆಡಳಿತಗಾರರ ದೊಡ್ಡ ಗುಣವೆಂದೇ ಹೇಳಬೇಕು.

ಬ್ಯಾರಿ ಜಾನ್ ಹುಟ್ಟಿದ್ದು 1945ರಲ್ಲಿ, ಕಾರ್ವಿನ್ ಅವರಿಗಿಂತ ಹದಿನೈದು ವರ್ಷ ಚಿಕ್ಕವರು. ಗಣಿ ಕಾರ್ಮಿಕನ ಮಗ, ಅದೇ ಶಾಲೆ, ಅದೇ ಬಯಲು. ಊರಿನ ಹುಡುಗರಿಗೆ ವೇಲ್ಸ್ ಪರ ಆಡಿದವರೊಬ್ಬರು ಬೀದಿಯಲ್ಲಿ ದಿನವೂ ಎದುರಾಗುವ ನೆರೆಯವರಾಗಿದ್ದರು. ದೊಡ್ಡದಾದುದು ದೂರದಲ್ಲಿದೆ ಎಂಬ ಭಾವನೆಯೇ ಆ ಮಕ್ಕಳಲ್ಲಿ ಬೆಳೆಯಲಿಲ್ಲ. ಬ್ಯಾರಿ ಶಾಲೆಯಲ್ಲಿದ್ದಾಗಲೇ ಲನೆಲ್ಲಿ ಪರ ಆಡಿ, 1966ರಲ್ಲಿ ವೇಲ್ಸ್ ತಂಡಕ್ಕೆ ಬಂದು, ಆಮೇಲೆ ಕಾರ್ಡಿಫ್ ಕ್ಲಬ್ ಸೇರಿದರು. ಹತ್ತನೇ ಸಂಖ್ಯೆಯ ಫ್ಲೈ-ಹಾಫ್ ಅವರ ಸ್ಥಾನ. ಸ್ಕ್ರಮ್ಮಿನಿಂದ ಹೊರಬಂದ ಚೆಂಡನ್ನು ಎತ್ತಿಕೊಳ್ಳುವ ಸ್ಕ್ರಮ್-ಹಾಫ್ ಸಾಮಾನ್ಯವಾಗಿ ಅದನ್ನು ಎಸೆಯುವುದು ಆ ಆಟಗಾರನ ಕೈಗೆ. ಒದೆಯಬೇಕೇ, ಓಡಬೇಕೇ, ಪಕ್ಕದವನಿಗೆ ಎಸೆಯಬೇಕೇ ಎಂದು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಬೇಕಾದವನು ಅವನು. ಬ್ಯಾರಿ ಎದುರಾಳಿಗಳ ನಡುವೆ ಅವಸರವೇ ಇಲ್ಲದವರಂತೆ ತೇಲಿಹೋಗುತ್ತಿದ್ದರು ಎಂದು ಕಂಡವರು ಹೇಳುತ್ತಾರೆ, ಇಂದು ಉಳಿದಿರುವ ಚಿತ್ರಮುದ್ರಿಕೆಗಳೂ ಅದನ್ನೇ ತೋರಿಸುತ್ತವೆ.

1971ರ ಜೂನ್ 26ರಂದು ಡನೀಡಿನ್‌ನಲ್ಲಿ ನಡೆದ ಮೊದಲ ಟೆಸ್ಟ್‌ನಲ್ಲಿ ಬ್ಯಾರಿ ನ್ಯೂಜಿಲೆಂಡ್‌ನ ಫುಲ್‌ಬ್ಯಾಕ್ (ಹಿಂದಿನ ಕಾವಲಿನ ಆಟಗಾರ) ಫರ್ಗಿ ಮೆಕಾರ್ಮಿಕ್ ಅವರನ್ನು ತಮ್ಮ ಒದೆತಗಳಿಂದಲೇ ಅತ್ತಿಂದಿತ್ತ ಇತ್ತಿಂದತ್ತ ಓಡಿಸಿದರು. ಮೆಕಾರ್ಮಿಕ್ ಮತ್ತೆ ತಮ್ಮ ದೇಶದ ಪರ ಟೆಸ್ಟ್ ಆಡಲಿಲ್ಲ. ಲಯನ್ಸ್ 9-3ರಿಂದ ಗೆದ್ದರು. ಕ್ರೈಸ್ಟ್‌ಚರ್ಚ್‌ನಲ್ಲಿ 12-22ರಿಂದ ಸೋತರು. ವೆಲಿಂಗ್ಟನ್‌ನಲ್ಲಿ 13-3ರಿಂದ ಗೆದ್ದರು, ಆ ಹದಿಮೂರರಲ್ಲಿ ಹತ್ತು ಅಂಕ ಬ್ಯಾರಿಯದು. ಆಕ್ಲೆಂಡ್‌ನ ಕೊನೆಯ ಪಂದ್ಯ 14-14ರಲ್ಲಿ ಸಮವಾಗಿ ಸರಣಿ ಲಯನ್ಸ್ ಪಾಲಾಯಿತು. ನಾಲ್ಕು ಟೆಸ್ಟ್‌ಗಳಲ್ಲಿ ತಂಡ ಗಳಿಸಿದ 48 ಅಂಕಗಳಲ್ಲಿ 30 ಒಬ್ಬ ಬ್ಯಾರಿ ಜಾನ್ ಅವರ ಗಳಿಕೆ. ನ್ಯೂಜಿಲೆಂಡ್‌ನ ಪತ್ರಿಕೆಗಳು ಅವರನ್ನು ರಾಜನೆಂದು ಕರೆದವು. ತರಬೇತುದಾರನೂ ಆಟಗಾರನೂ ಭೂಮಿಯ ಇನ್ನೊಂದು ತುದಿಯಲ್ಲಿ ಒಂದೇ ಹಳ್ಳಿಯ ವೆಲ್ಶ್ ಮಾತನಾಡಿಕೊಳ್ಳಬಹುದಾಗಿದ್ದ ಆ ಬೇಸಿಗೆಯನ್ನು ನೆನೆದಾಗ ನನಗೆ ಈಗಲೂ ರೋಮಾಂಚನವಾಗುತ್ತದೆ.

ಅದರ ಮರುವರ್ಷವೇ, ಕೇವಲ 27ರ ವಯಸ್ಸಿನಲ್ಲಿ ಬ್ಯಾರಿ ಆಟ ನಿಲ್ಲಿಸಿದರು. ಉತ್ತರ ವೇಲ್ಸ್‌ನಲ್ಲಿ ಒಂದು ಸಮಾರಂಭಕ್ಕೆ ಹೋಗಿದ್ದಾಗ ಹೆಣ್ಣುಮಗಳೊಬ್ಬಳು ರಾಜಮನೆತನದವರಿಗೆ ಮಾಡುವಂತೆ ಅವರ ಮುಂದೆ ಮಂಡಿ ಬಾಗಿಸಿ ವಂದಿಸಿದ್ದು ಅವರ ಮನಸ್ಸನ್ನು ಕಲಕಿತೆಂದು ಅವರೇ ಹೇಳಿಕೊಂಡಿದ್ದಾರೆ. ಊರವರಿಂದ ಹೀಗೆ ಬೇರೆಯಾಗಿ ನಿಲ್ಲುವುದು ಅವರಿಗೆ ಬೇಡವಾಗಿತ್ತು. ಅವರ ಕೊನೆಯ ಪಂದ್ಯ 1972ರ ಏಪ್ರಿಲ್‌ನಲ್ಲಿ, ವೆಲ್ಶ್ ಭಾಷೆಯ ಯುವ ಸಂಘಟನೆಯಾದ ಉರ್ಥ್‌ನ ಐವತ್ತನೇ ವರ್ಷಾಚರಣೆಗಾಗಿ ಕಾರ್ಡಿಫ್‌ನಲ್ಲಿ ನಡೆಯಿತು: ಒಂದು ಕಡೆ ಬ್ಯಾರಿ ಜಾನ್ ಅವರ ತಂಡ, ಇನ್ನೊಂದು ಕಡೆ ಕಾರ್ವಿನ್ ಜೇಮ್ಸ್ ಅವರ ತಂಡ. ಒಂದೇ ಹಳ್ಳಿಯ ಇಬ್ಬರ ಹೆಸರಿನಲ್ಲಿ ರಾಷ್ಟ್ರದ ಮುಖ್ಯ ಕ್ರೀಡಾಂಗಣವೇ ಹಂಚಿಹೋಗಿತ್ತು.

ಅದೇ ವರ್ಷದ ಅಕ್ಟೋಬರ್ 31ರಂದು ಕಾರ್ವಿನ್ ತರಬೇತಿಯ ಲನೆಲ್ಲಿ ತಂಡ ನ್ಯೂಜಿಲೆಂಡನ್ನು 9-3ರಿಂದ ಸೋಲಿಸಿತು. ಫಿಲ್ ಬೆನೆಟ್ ಒದ್ದ ಚೆಂಡು ಗೋಲಿನ ಅಡ್ಡಪಟ್ಟಿಗೆ ಬಡಿದು ಹಿಂದಿರುಗಿತು, ಎದುರಾಳಿ ಅದನ್ನು ಒದ್ದು ಹೊರಗಟ್ಟಲು ಹೋದಾಗ ರಾಯ್ ಬರ್ಗಿಯರ್ಸ್ ಅಡ್ಡಬಂದು ತಡೆದು, ಗೋಲಿನ ಗೆರೆಯಾಚೆ ಚೆಂಡಿನ ಮೇಲೆ ಬಿದ್ದು ಅದನ್ನು ನೆಲಕ್ಕೊತ್ತಿ ‘ಟ್ರೈ’ ಗಳಿಸಿದರು. ಆ ಗೆಲುವನ್ನು ಪಟ್ಟಣದ ಗೆಲುವೆಂದೇ ಎಲ್ಲರೂ ಹೇಳುತ್ತಾರೆ. ತಂಡದ ಪಟ್ಟಿಯನ್ನು ಊರುಗಳ ಹೆಸರಿನೊಡನೆ ಓದಿ ನೋಡಿದರೆ ಬೇರೆಯೇ ಚಿತ್ರ ಸಿಗುತ್ತದೆ: ಫಿಲ್ ಬೆನೆಟ್ ವೆಲಿನ್‌ವೊಯ್ಲ್‌ನವರು, ನಾಯಕ ಡೆಲ್ಮ್ ಥಾಮಸ್ ಬ್ಯಾಂಕವೆಲಿನ್‌ನವರು, ರೇ ಗ್ರಾವೆಲ್ ಮನಿದಗಾರೆಗ್‌ನವರು. ಲನೆಲ್ಲಿ ಎಂಬ ಮರಕ್ಕೆ ನೀರು ಬಂದದ್ದು ಈ ಚಿಕ್ಕ ಬೇರುಗಳಿಂದ. ಅದೇ ತಂಡದಲ್ಲಿದ್ದ, ಬ್ಯಾರಿಯ ತಂಗಿಯನ್ನು ಮದುವೆಯಾದ ಡೆರೆಕ್ ಕ್ವಿನೆಲ್ ಅವರ ಮಕ್ಕಳಾದ ಸ್ಕಾಟ್ ಮತ್ತು ಕ್ರೇಗ್ ಮುಂದೆ ವೇಲ್ಸ್ ಪರ ಆಡಿದರು.

ವೇಲ್ಸ್ ತಂಡಕ್ಕೆ ಮಾತ್ರ ಕಾರ್ವಿನ್ ಜೇಮ್ಸ್ ಎಂದೂ ತರಬೇತುದಾರರಾಗಲಿಲ್ಲ. ಆಟಗಾರರನ್ನು ಆಯ್ಕೆ ಮಾಡುವಲ್ಲಿ ತರಬೇತುದಾರನ ಮಾತು ನಡೆಯಬೇಕೆಂಬ ಷರತ್ತನ್ನು 1974ರಲ್ಲಿ ಅವರು ಮುಂದಿಟ್ಟು, ಅದು ಒಪ್ಪಿಗೆಯಾಗುವುದಿಲ್ಲವೆಂದು ಕಂಡಾಗ ತಮ್ಮ ಹೆಸರನ್ನು ಹಿಂತೆಗೆದುಕೊಂಡರು. ಇಂದು ಪ್ರಪಂಚದ ಎಲ್ಲ ತಂಡಗಳಲ್ಲೂ ಸಾಮಾನ್ಯವಾಗಿರುವ ಪದ್ಧತಿಯನ್ನೇ ಅವರು ಕೇಳಿದ್ದರು. ಆಮೇಲೆ ಇಟಲಿಗೆ ಹೋಗಿ ರೊವಿಗೋ ತಂಡವನ್ನು ಅಲ್ಲಿನ ಚಾಂಪಿಯನ್ ಮಾಡಿದರು. 1983ರ ಜನವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಹೋಟೆಲೊಂದರಲ್ಲಿ 53ರ ವಯಸ್ಸಿನಲ್ಲಿ ತೀರಿಕೊಂಡರು. ತನ್ನ ನೆಲದ ಇಷ್ಟು ದೊಡ್ಡ ಬುದ್ಧಿಯನ್ನು ಬಳಸಿಕೊಳ್ಳದೆ ಬಿಟ್ಟದ್ದು ವೇಲ್ಸ್‌ನ ರಗ್ಬಿ ಆಡಳಿತ ಮಾಡಿಕೊಂಡ ನಷ್ಟ.

ಈ ಕಣಿವೆಯನ್ನು ಫ್ಲೈ-ಹಾಫ್‌ಗಳ ಕಾರ್ಖಾನೆ ಎಂದು ಕರೆಯುವ ರೂಢಿಯಿದೆ. ಟಂಬಲ್ ಊರಿನ ಗರೆತ್ ಡೇವಿಸ್, ಟ್ರಿಮ್‌ಸಾರನ್‌ನ ಜೊನಾಥನ್ ಡೇವಿಸ್ ಇದೇ ಸಾಲಿನವರು, ಇದೇ ಗ್ರಾಮರ್ ಶಾಲೆಯಲ್ಲಿ ಓದಿದವರು. ಆದರೆ ಈ ಮಾತನ್ನು ಕೇಳಿದಾಗಲೆಲ್ಲ ನನಗೆ ಒಂದು ತಕರಾರು ಹುಟ್ಟುತ್ತದೆ. ಹತ್ತನೇ ಸಂಖ್ಯೆಯವನ ಕೈಗೆ ಚೆಂಡು ಬರಬೇಕಾದರೆ ಮುಂದಿನ ಎಂಟು ಜನ ಕೆಸರಿನಲ್ಲಿ ತಳ್ಳಿ ಅದನ್ನು ಗೆದ್ದು ಕೊಡಬೇಕು. ಆ ಎಂಟು ಜನ ಆರು ದಿನ ಗಣಿಯಲ್ಲಿ ದುಡಿದು ಏಳನೆಯದಕ್ಕೆ ಮುಂಚಿನ ಮಧ್ಯಾಹ್ನ ಮೈದಾನಕ್ಕೆ ಬಂದವರು. ಆಂಥ್ರಸೈಟ್ ಗಣಿಗಳ ಧೂಳು ಬೇರೆಡೆಗಿಂತ ಹೆಚ್ಚು ಜನರ ಶ್ವಾಸಕೋಶವನ್ನು ತಿಂದಿತು. ನ್ಯುಮೊಕೋನಿಯೋಸಿಸ್ ಎಂಬ ಈ ಶ್ವಾಸಕೋಶದ ರೋಗದ ಕುರಿತು 1940ರ ದಶಕದಲ್ಲಿ ದಕ್ಷಿಣ ವೇಲ್ಸ್‌ನಲ್ಲಿ ನಡೆದ ವೈದ್ಯಕೀಯ ಅಧ್ಯಯನಗಳು ಅದನ್ನು ಸ್ಪಷ್ಟವಾಗಿ ತೋರಿಸಿದವು. ಇಪ್ಪತ್ತೈದರಲ್ಲಿ ಎಂಬತ್ತು ನಿಮಿಷ ಓಡಿದವರು ನಲವತ್ತೈದಕ್ಕೆ ಮೈದಾನದವರೆಗೆ ನಡೆಯಲಾರದೆ ನಡುದಾರಿಯಲ್ಲಿ ಗೋಡೆ ಹಿಡಿದು ನಿಲ್ಲುವಂತಾಯಿತು. ಅವರ ಹೆಸರುಗಳೂ ಕ್ಲಬ್ಬಿನ ಚರಿತ್ರೆಯಲ್ಲಿ ಇರಬೇಕಲ್ಲವೇ?

ಇಲ್ಲಿಯೇ ನಮ್ಮ ಪಾಲಿನ ನಂಟೂ ಸೇರಿಕೊಳ್ಳುತ್ತದೆ. 1960 ಮತ್ತು 70ರ ದಶಕಗಳಲ್ಲಿ ಸ್ಥಳೀಯ ವೈದ್ಯರು ಬರಲು ಹಿಂದೆಗೆದ ದಕ್ಷಿಣ ವೇಲ್ಸ್‌ನ ಗಣಿ ಕಣಿವೆಗಳಲ್ಲಿ ಚಿಕಿತ್ಸಾಲಯಗಳನ್ನು ನಡೆಸಿದವರಲ್ಲಿ ಭಾರತ ಉಪಖಂಡದ ವೈದ್ಯರು ದೊಡ್ಡ ಸಂಖ್ಯೆಯಲ್ಲಿದ್ದರು. ಸ್ಕ್ರಮ್ಮಿನಲ್ಲಿ ತಳ್ಳಿದ ಆ ಎದೆಗಳಿಗೆ ಸ್ಟೆತಾಸ್ಕೋಪ್ ಇಟ್ಟು ಧೂಳಿನ ಸದ್ದನ್ನು ಕೇಳಿದವರು ಅವರು. ಅವರ ನೆನಪುಗಳೂ ಈ ಚರಿತ್ರೆಯ ಭಾಗವೇ. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥ ಹಿರಿಯ ವೈದ್ಯರಿದ್ದರೆ, ಅವರನ್ನು ಊರಿನ ಕ್ಲಬ್ಬು, ಅಲ್ಲಿನ ರೋಗಿಗಳು, ಶನಿವಾರ ಸಂಜೆ ಚಿಕಿತ್ಸಾಲಯಕ್ಕೆ ಬರುತ್ತಿದ್ದ ಮುರಿದ ಬೆರಳುಗಳ ಬಗ್ಗೆ ಕೇಳಿ ಬರೆದಿಟ್ಟುಕೊಳ್ಳಿ.

ಗಣಿಗಳು ಮುಚ್ಚಿದ ಮೇಲಿನ ಕಥೆಯನ್ನು ಚುಟುಕಾಗಿ ಹೇಳುತ್ತೇನೆ, ಅದನ್ನು ನಾವೆಲ್ಲ ಕಣ್ಣಾರೆ ನೋಡುತ್ತಿದ್ದೇವೆ. ಕ್ರಾಸ್ ಹ್ಯಾಂಡ್ಸ್, ಟಂಬಲ್‌ಗಳ ಹಳೆಯ ಗಣಿಗಳು 1960ರ ದಶಕದ ಆರಂಭದಲ್ಲೇ ನಿಂತವು. ಅವುಗಳ ಜಾಗಕ್ಕೆ ಬಂದ ದೊಡ್ಡ ಕಿನ್‌ಹೈಡ್ರೆ ಗಣಿ 1989ರಲ್ಲಿ ಮುಚ್ಚಿತು. ಒಂದೇ ಪಾಳಿ, ಒಂದೇ ಬಸ್ಸು, ಒಂದೇ ಬೀದಿ ಎಂಬುದು ಹೋಯಿತು. 1995ರಲ್ಲಿ ರಗ್ಬಿ ಯೂನಿಯನ್ ವೃತ್ತಿಪರವಾಯಿತು, 2003ರಲ್ಲಿ ವೇಲ್ಸ್‌ನ ಮೇಲ್ಮಟ್ಟದ ಆಟವನ್ನು ಐದು ಪ್ರಾದೇಶಿಕ ತಂಡಗಳಿಗೆ ಒಪ್ಪಿಸಲಾಯಿತು, ಮರುವರ್ಷ ಅವು ನಾಲ್ಕಾದವು, 2025ರ ಅಕ್ಟೋಬರ್‌ನಲ್ಲಿ ಅವನ್ನು ಮೂರಕ್ಕಿಳಿಸುವ ತೀರ್ಮಾನವನ್ನು ಯೂನಿಯನ್ ಪ್ರಕಟಿಸಿತು. ಪತ್ರಿಕೆಗಳ ತುಂಬ ಆ ಮೂರರ ಚರ್ಚೆ. ಹಳ್ಳಿಯ ಕ್ಲಬ್ಬಿನ ಸಂಕಟ ಇನ್ನೂ ಸರಳವಾದುದು: ಶನಿವಾರಕ್ಕೆ ಹದಿನೈದು ಜನ ಸಿಗುವುದಿಲ್ಲ. ಸ್ಕ್ರಮ್ಮಿನ ಮುಂದಿನ ಸಾಲಿಗೆ ಅದಕ್ಕೆಂದೇ ಪಳಗಿದ ಮೂವರು ಬೇಕೇಬೇಕು. ಅವರಲ್ಲಿ ಒಬ್ಬ ತಪ್ಪಿದರೂ ಸ್ಕ್ರಮ್ಮುಗಳನ್ನು ತಳ್ಳಾಟವಿಲ್ಲದೆ ನಡೆಸಬೇಕಾಗುತ್ತದೆ. ಎರಡನೇ ತಂಡಗಳು ಒಂದೊಂದಾಗಿ ನಿಂತಿವೆ. ಕೌಂಟಿ ಕೌನ್ಸಿಲ್ ಅನೇಕ ಮೈದಾನಗಳ ನಿರ್ವಹಣೆಯನ್ನು ಸ್ಥಳೀಯರಿಗೇ ವಹಿಸಿಕೊಟ್ಟಿರುವುದರಿಂದ ಹುಲ್ಲು ಕತ್ತರಿಸುವ ಯಂತ್ರದ ಖರ್ಚೂ ಈಗ ಸಮಿತಿಯ ತಲೆಯ ಮೇಲೆ.

ನಮ್ಮ ನಡುವೆ ಈ ವಿಷಯ ಎತ್ತಿದಾಗ ಕೇಳಿಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮಕ್ಕಳಿಗೆ ಪೆಟ್ಟಾಗುತ್ತದೆ ಎಂಬ ಭಯ ಸಹಜ, ತಲೆಗೆ ಬೀಳುವ ಪೆಟ್ಟುಗಳ ದೀರ್ಘಕಾಲದ ಪರಿಣಾಮ ಇಂದು ರಗ್ಬಿ ಎದುರಿಸುತ್ತಿರುವ ಅತ್ಯಂತ ಗಂಭೀರ ಪ್ರಶ್ನೆ. ಚಿಕ್ಕ ಮಕ್ಕಳು ಆಡುವುದು ಟ್ಯಾಗ್ ರಗ್ಬಿ, ಅಲ್ಲಿ ಎದುರಾಳಿಯ ಸೊಂಟದಲ್ಲಿ ತೂಗುವ ಪಟ್ಟಿಯನ್ನು ಕಿತ್ತರೆ ಸಾಕು, ಯಾರನ್ನೂ ಕೆಡಹುವಂತಿಲ್ಲ. ಅದರ ಮುಂದಿನ ಹಂತಕ್ಕೆ ಮಗುವನ್ನು ಕಳಿಸಬೇಕೇ ಬೇಡವೇ ಎಂಬುದನ್ನು ತಂದೆತಾಯಿ ಯೋಚಿಸಿ ನಿರ್ಧರಿಸಲಿ. ಕ್ಲಬ್ಬೆಂದರೆ ಬಾರ್, ನಾವು ಕುಡಿಯುವವರಲ್ಲ ಎನ್ನುವವರು ಅಲ್ಲಿ ಚಹಾ ಕುಡಿಯುತ್ತಾ ಕೂತಿರುವ ಹಿರಿಯರ ಮೇಜನ್ನು ನೋಡಬೇಕು. ಆಡದೆಯೂ ಮಾಡಬೇಕಾದ ಕೆಲಸಗಳು ರಾಶಿ ಇವೆ: ಲೆಕ್ಕ ಬರೆಯಲು, ಅನುದಾನದ ಅರ್ಜಿ ತುಂಬಲು, ಪ್ರಥಮ ಚಿಕಿತ್ಸೆಗೆ ನಿಲ್ಲಲು ಜನ ಬೇಕಾಗಿದ್ದಾರೆ. ಈ ಕೆಲಸಗಳಲ್ಲಿ ನಮ್ಮವರು ನುರಿತವರು.

ಚರಿತ್ರೆಯ ಕೆಲಸಕ್ಕೆ ಸಾಧನಗಳು ಕೈಯಳತೆಯಲ್ಲೇ ಇವೆ. ಅಬೆರಿಸ್ಟ್‌ವಿತ್‌ನ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯ 1919ರವರೆಗಿನ ವೆಲ್ಶ್ ಪತ್ರಿಕೆಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಓದಲು ಇಟ್ಟಿದೆ. ಊರಿನ ಹೆಸರು ಹಾಕಿ ಹುಡುಕಿದರೆ ನೂರು ವರ್ಷದ ಹಿಂದಿನ ಪಂದ್ಯದ ವರದಿ, ಆಟಗಾರರ ಪಟ್ಟಿ, ಒಮ್ಮೊಮ್ಮೆ ಜಗಳದ ಸುದ್ದಿಯೂ ಸಿಗುತ್ತದೆ. ಅದರ ನಂತರದ ವರ್ಷಗಳಿಗೆ ಕಾರ್ಮಾರ್ಥನ್‌ಶೈರ್‌ನ ದಾಖಲಾಗಾರವಿದೆ, ಗ್ರಂಥಾಲಯಗಳಲ್ಲಿ ಹಳೆಯ ಸ್ಥಳೀಯ ಪತ್ರಿಕೆಗಳ ಪ್ರತಿಗಳಿವೆ. ಊರವರ ಫೋಟೋಗಳನ್ನು ಸ್ಕ್ಯಾನ್ ಮಾಡಿ ಎಲ್ಲರಿಗೂ ಕಾಣುವಂತೆ ಸೇರಿಸಲು ‘ಕಸ್ಗ್ಲಿಯಾಡ್ ಅ ವೆರಿನ್’ ಎಂಬ ಜನರ ಸಂಗ್ರಹದ ತಾಣವಿದೆ. ಫೋಟೋದ ಹಿಂದೆ ಪೆನ್ಸಿಲಿನಿಂದ ಹೆಸರುಗಳನ್ನು ಬರೆಯಿಸಿಕೊಳ್ಳುವುದು ಎಲ್ಲಕ್ಕಿಂತ ತುರ್ತಾದ ಕೆಲಸ. ಮೂರು ಸಾಲಿನಲ್ಲಿ ನಿಂತ ಇಪ್ಪತ್ತು ಮುಖಗಳನ್ನು ಬೆರಳಿಟ್ಟು ಗುರುತಿಸಬಲ್ಲವರು ಊರಿನಲ್ಲಿ ಇನ್ನು ಒಬ್ಬಿಬ್ಬರೇ ಉಳಿದಿರುತ್ತಾರೆ.

ಹಾಗೆಂದು ಮೊದಲ ದಿನವೇ ರೆಕಾರ್ಡರ್ ಹಿಡಿದು ಹೋಗಬೇಡಿ. ಶನಿವಾರ ಮಧ್ಯಾಹ್ನ ಎರಡೂವರೆಗೆ ಪಂದ್ಯ ಆರಂಭವಾಗುವ ಹೊತ್ತಿಗೆ ಹೋಗಿ ಟಚ್‌ಲೈನ್ ಪಕ್ಕದ ಕಂಬಿಗೆ ಒರಗಿ ನಿಲ್ಲಿ. ಸಾಮಾಜಿಕ ಸದಸ್ಯತ್ವದ ಚಂದಾ ಕಟ್ಟಿ. ನಾಲ್ಕಾರು ವಾರ ಮುಖ ಪರಿಚಯವಾದ ಮೇಲೆ ಅವರೇ ಮಾತಿಗೆಳೆಯುತ್ತಾರೆ. ವೆಲ್ಶ್‌ನಲ್ಲಿ ಮಾತನಾಡಲು ಇಷ್ಟಪಡುವ ಹಿರಿಯರು ವೆಲ್ಶ್‌ನಲ್ಲೇ ಹೇಳಲಿ. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಆ ಭಾಷೆಯನ್ನು ಕಲಿಯುತ್ತಿದ್ದಾರೆ, ಕೆಲವರು ಪೂರ್ಣವಾಗಿ ಆ ಮಾಧ್ಯಮದಲ್ಲೇ ಓದುತ್ತಿದ್ದಾರೆ, ಅವರನ್ನು ಜೊತೆಗೆ ಕರೆದೊಯ್ಯಿರಿ. ಹೇಳಿದವರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಮುದ್ರಿಕೆಯ ಒಂದು ಪ್ರತಿಯನ್ನು ಅವರ ಮನೆಯವರಿಗೂ ಒಂದನ್ನು ಕ್ಲಬ್ಬಿಗೂ ಕೊಟ್ಟು, ಮೂರನೆಯದನ್ನು ದಾಖಲಾಗಾರಕ್ಕೆ ಸೇರಿಸಿ. ನಡವಳಿ ಪುಸ್ತಕ ಸಿಕ್ಕಿದರೆ ಅದನ್ನು ಮನೆಗೆ ತರದೆ, ಸಮಿತಿಯ ಅನುಮತಿ ಪಡೆದು ಅಲ್ಲಿಯೇ ಪುಟಪುಟವೂ ಚಿತ್ರ ತೆಗೆದು, ಮೂಲವನ್ನು ಒಣ ಜಾಗದಲ್ಲಿ ಇಡುವಂತೆ ಕೇಳಿಕೊಳ್ಳಿ.

ನಮ್ಮ ಕನ್ನಡ ಸಂಘಗಳ ಪದಾಧಿಕಾರಿಗಳಲ್ಲಿ ನನ್ನದೊಂದು ಪ್ರತ್ಯೇಕ ಕೋರಿಕೆ. ಯುಗಾದಿ, ದೀಪಾವಳಿ, ರಾಜ್ಯೋತ್ಸವಗಳಿಗೆ ಸಭಾಂಗಣ ಹುಡುಕುವಾಗ ಹತ್ತಿರದ ಹಳ್ಳಿಯ ರಗ್ಬಿ ಕ್ಲಬ್ಬಿನ ಭವನವನ್ನು ಮೊದಲು ವಿಚಾರಿಸಿ. ಆ ಬಾಡಿಗೆ ಅವರ ಚಳಿಗಾಲದ ವಿದ್ಯುತ್ ಬಿಲ್ಲಿಗೆ ಒದಗುತ್ತದೆ, ಅವರ ಸಮಿತಿಯವರನ್ನು ಊಟಕ್ಕೆ ಕರೆದರೆ ಖಂಡಿತ ಬರುತ್ತಾರೆ. ಈ ಋತು ಮುಗಿಯುವುದರೊಳಗೆ ನಿಮ್ಮ ಊರಿನ ಕ್ಲಬ್ಬಿನ ಒಬ್ಬ ಹಿರಿಯರ ನೆನಪುಗಳನ್ನಾದರೂ ಬರೆದುಕೊಳ್ಳಿ, ಅದನ್ನು ಕನ್ನಡದಲ್ಲಿಯೂ ಪ್ರಕಟಿಸಿ.

ಇಂತಿ ನಿಮ್ಮ ವಿಶ್ವಾಸಿ,
ಕಾರ್ಮಾರ್ಥನ್‌ಶೈರ್‌ನಲ್ಲಿ ನೆಲೆಸಿರುವ ಒಬ್ಬ ಕನ್ನಡಿಗ